ಕಾಡುಗುಲಾಬಿಗೆ ಕತ್ತರಿ ಹಾಕುವ ಮೊದಲು

ಡಾಗ್ ರೋಸ್, ಅಂದರೆ ರೋಸಾ ಕನೈನಾ ಅನ್ನುವ ಕಾಡುಗುಲಾಬಿಯನ್ನು ಹಣ್ಣಿಗಾಗಿ ಬೆಳೆಯಲು ಹೊರಟವರ ದೂರು ಎರಡೇ: ಬೀಜ ಮೊಳೆಯಲಿಲ್ಲ, ಗಿಡ ಹಣ್ಣು ಬಿಡಲಿಲ್ಲ. ಇದರಲ್ಲಿ ಗಿಡದ ತಪ್ಪೇನೂ ಇಲ್ಲ. ತೋಟದ ಗುಲಾಬಿಗೆ ಮಾಡುವ ಉಪಚಾರವನ್ನೇ ಇದಕ್ಕೂ ಮಾಡುವುದರಿಂದ ಹೀಗಾಗುತ್ತದೆ.

ಇದು ಮೂಲತಃ ಯುರೋಪ್, ವಾಯವ್ಯ ಆಫ್ರಿಕಾ, ಪಶ್ಚಿಮ ಏಷ್ಯಾದ ಪೊದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಜಾತಿ. ಚಳಿಯೇ ಬೀಳದ ಕಡೆ ಇದನ್ನು ನೆಟ್ಟು ಹಣ್ಣಿಗೆ ಕಾಯುವುದು ವ್ಯರ್ಥ.

ಬೀಜದ ಮಾತಿಗೆ ಬರೋಣ. ಹಣ್ಣಿನೊಳಗೆ ನಾವು ಬೀಜ ಅನ್ನುವುದು ನಿಜಕ್ಕೂ ಗಟ್ಟಿ ಸಿಪ್ಪೆಯ ಪುಟ್ಟ ಕಾಯಿ. ಸಿಪ್ಪೆ ಮೆತ್ತಗಾಗಲು ಬಿಸುಪು ಬೇಕು, ಒಳಗಿನ ಭ್ರೂಣ ಎಚ್ಚರಗೊಳ್ಳಲು ತಂಪು ಬೇಕು, ಅದೂ ಇದೇ ಕ್ರಮದಲ್ಲಿ. ತಿರುಳು, ರೋಮ ಎಲ್ಲ ತೊಳೆದು ತೆಗೆದು, ನೀರಲ್ಲಿ ತೇಲುವ ಬೀಜ ಚೆಲ್ಲಿ. ಉಳಿದದ್ದನ್ನು ಮೂರು ಪಾಲು ಒದ್ದೆ ಮರಳಿಗೆ ಒಂದು ಪಾಲಿನಂತೆ ಬೆರೆಸಿ. ಮರಳನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಜಿನುಗಬಾರದು. ಜಿನುಗಿದರೆ ಬೀಜ ಕೊಳೆಯುತ್ತದೆ. 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 12 ವಾರ, ಆಮೇಲೆ ಫ್ರಿಜ್ಜಿನಲ್ಲಿ 3ರಿಂದ 5 ಡಿಗ್ರಿಯಲ್ಲಿ 12ರಿಂದ 16 ವಾರ ಇಡಿ. ನಡುವೆ ಮರಳು ಒಣಗಿತೋ, ಅಲ್ಲಿಯವರೆಗಿನ ಶ್ರಮ ನೀರುಪಾಲು. ಬರೀ ಫ್ರಿಜ್ಜಿನಲ್ಲಿಟ್ಟು ಬಿತ್ತುವವರಿಗೆ ಮೊದಲ ವರ್ಷ ಪಾತಿಯಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಅವಸರಪಟ್ಟು ಆ ಪಾತಿ ಅಗೆದುಬಿಡಬೇಡಿ, ಮುಂದಿನ ವಸಂತಕ್ಕೆ ಮೊಳಕೆ ಬರುವುದುಂಟು.

ಇದರ ಬೀಜಕ್ಕೆ ಒಂದು ವಿಶೇಷವಿದೆ, ಅದು ತೀರಾ ಸೊಗಸಾದ ಸಂಗತಿ. ಗಿಡದ ಒಂದೊಂದು ಜೀವಕೋಶದಲ್ಲಿರುವ 35 ಕ್ರೋಮೋಸೋಮ್‌ಗಳಲ್ಲಿ, ಅಂದರೆ ಗುಣಗಳನ್ನು ಪೀಳಿಗೆಗೆ ದಾಟಿಸುವ ಎಳೆಗಳಲ್ಲಿ, 28 ಅಂಡದ ಮೂಲಕ ತಾಯಿಯಿಂದ ಬರುತ್ತವೆ, ಪರಾಗ ತರುವುದು ಬರೀ 7. ಹಾಗಾಗಿ ಸಸಿ ಬಹುಪಾಲು ತಾಯಿಯನ್ನೇ ಹೋಲುತ್ತದೆ. ದಪ್ಪ ಹಣ್ಣಿನ, ರೋಗ ಕಾಣದ ಪೊದೆಯಿಂದಲೇ ಬೀಜ ಆರಿಸಿ. ಅಷ್ಟು ಕಾಯುವ ತಾಳ್ಮೆ ಇಲ್ಲದಿದ್ದರೆ ಬುಡದಿಂದ ಎದ್ದ ಚಿಗುರನ್ನು ಎಲೆ ಉದುರಿದ ಕಾಲದಲ್ಲಿ ಬೇರು ಸಮೇತ ಕಿತ್ತು ನೆಡಬಹುದು. ಕಡ್ಡಿಯಿಂದ ಮಾಡುವುದಾದರೆ ಪೆನ್ಸಿಲ್ ದಪ್ಪದ, 20–25 ಸೆಂಟಿಮೀಟರ್ ಉದ್ದದ ಬಲಿತ ಕಡ್ಡಿ ತೆಗೆದು ಮೂರರಲ್ಲಿ ಎರಡು ಪಾಲು ಹೂಳಿ. ಬೇರು ನಿಧಾನ, ಒಂದಷ್ಟು ಸಾಯುತ್ತವೆ. ಬೇಕಾದ್ದಕ್ಕಿಂತ ಹೆಚ್ಚೇ ನೆಡಿ.

ಹಣ್ಣಿಗಾದರೆ ಸಾಲಿನಲ್ಲಿ ಗಿಡಕ್ಕೆ ಗಿಡ 2 ಮೀಟರ್, ಸಾಲಿನ ನಡುವೆ 3 ಮೀಟರ್. ಬೇಲಿಗಾದರೆ 40–50 ಸೆಂಟಿಮೀಟರ್ ಸಾಕು. ಬಿಸಿಲು ಬೇಕು, ನೀರು ನಿಲ್ಲಬಾರದು, ಸುಣ್ಣದ ಮಣ್ಣಾದರೂ ನಡೆಯುತ್ತದೆ. ಸಾರಜನಕದ ಗೊಬ್ಬರ ಸುರಿದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ, ಎಳೆ ಎಲೆಗೆ ರೋಗವೂ ಬೇಗ ಹತ್ತುತ್ತದೆ. ಎಲೆಯಡಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ. ಉದುರಿದ ಎಲೆ ಗುಡಿಸಿ ದೂರ ಹಾಕಿ, ಪೊದೆಯ ಒಳಗೆ ಗಾಳಿಯಾಡಲು ಬಿಡಿ.

ಈಗ ಕತ್ತರಿಯ ವಿಷಯ, ಹೆಚ್ಚು ಹಾಳಾಗುವುದು ಇಲ್ಲೇ. ಕಾಡುಗುಲಾಬಿ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯಿಂದ ಹೊರಡುವ ಗಿಡ್ಡ ರೆಂಬೆಗಳಲ್ಲಿ. ವರ್ಷಾ ವರ್ಷ ಚಳಿಗಾಲದಲ್ಲಿ ಪೊದೆಯನ್ನು ಮೇಲಿನಿಂದ ಚೆಂಡಿನಂತೆ ಸವರಿದರೆ ಮುಂದಿನ ಸಲದ ಹೂವನ್ನೇ ಕತ್ತರಿಸಿದಂತೆ. ಮೊದಲ ಮೂರು ವರ್ಷ ಮುಟ್ಟಲೇಬೇಡಿ. ಆಮೇಲೆ ಚಳಿಗಾಲದ ಕೊನೆಯಲ್ಲಿ, ತೊಗಟೆ ಬೂದುಬಣ್ಣಕ್ಕೆ ತಿರುಗಿದ ಮುದಿ ಕೊಂಬೆಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ಒಂದು ವರ್ಷಕ್ಕೆ ನಾಲ್ಕರಲ್ಲಿ ಒಂದು ಪಾಲು ಮೀರದಂತೆ. ಬಾಗಿ ಇಳಿದ ಉದ್ದ ಕೊಂಬೆಯ ತುದಿ ಕತ್ತರಿಸುವ ಚಟ ಬಿಡಿ. ಹಣ್ಣಿನ ಗೊಂಚಲು ಜೋಲುವುದು ಆ ಬಾಗಿನ ಉದ್ದಕ್ಕೇ. ಬಾಡಿದ ಹೂವನ್ನೂ ಕೀಳಬೇಡಿ, ಹೂ ಕಿತ್ತರೆ ಹಣ್ಣೆಲ್ಲಿಂದ ಬರಬೇಕು?

ಹಣ್ಣು ಪೂರ್ತಿ ಕೆಂಪಾಗಿ ಇನ್ನೂ ಗಟ್ಟಿಯಿರುವಾಗ ಕೊಯ್ಯಿರಿ. ಮೆತ್ತಗಾದಂತೆ ವಿಟಮಿನ್ ಸಿ ಇಳಿಯುತ್ತದೆ. ಅದನ್ನು ಉಳಿಸಿಕೊಳ್ಳಬೇಕಿದ್ದರೆ ತಾಮ್ರದ ಪಾತ್ರೆಯೂ ಬೇಡ. ಮುಳ್ಳು ಹಿಂದಕ್ಕೆ ಬಾಗಿ ಕೊಕ್ಕೆಯಂತಿರುವುದರಿಂದ ದಪ್ಪ ಚರ್ಮದ ಕೈಗವಸು ಹಾಕಿಕೊಳ್ಳಿ. ಹಣ್ಣನ್ನು ಸೀಳಿ ನೋಡಿ: ಬೀಜಗಳ ನಡುವೆ ಚಿನ್ನದ ಬಣ್ಣದ ಸಣ್ಣ ಗಡುಸು ರೋಮ ತುಂಬಿರುತ್ತದೆ. ಅದು ಚರ್ಮಕ್ಕೆ ತಾಗಿದರೆ ತುರಿಕೆ, ಗಂಟಲಿಗೆ ಹೋದರೆ ಉರಿ. ಅಗಲ ಹಣ್ಣಾದರೆ ಚಮಚದಿಂದ ಕೆರೆದು ತೆಗೆಯಿರಿ. ಇಡಿಯಾಗಿ ಬೇಯಿಸಿದರೆ ರಸವನ್ನು ಜರಡಿಯಲ್ಲಲ್ಲ, ಎರಡು ಪದರ ಮಲ್ ಬಟ್ಟೆಯಲ್ಲಿ ಸೋಸಿ, ಬಟ್ಟೆ ತೊಳೆದು ಇನ್ನೊಮ್ಮೆ ಸೋಸಿ.