ಮೊದಲು ಆ ಮೇಲಿನ ಲೈಟ್ ಆರಿಸಿ

ನಿನ್ನೆ ರಾತ್ರಿ ಒಂಬತ್ತರ ಹೊತ್ತಿಗೆ, ಸ್ನೇಹಿತರ ಮನೆಯ ಹ್ಯಾಲೋವೀನ್ ಪಾರ್ಟಿಯಲ್ಲಿ, ಬ್ಯಾಟ್‌ಮ್ಯಾನ್ ವೇಷ ಹಾಕಿದ್ದ ಹುಡುಗನೊಬ್ಬ ಓಡಿ ಬಂದು ಗೋಡೆಗೆ ಕೈ ಊರಿದ. ಕೈ ಬಿದ್ದದ್ದು ಸ್ವಿಚ್ ಮೇಲೆ. ಊಟದ ಕೋಣೆಯ ಲೈಟೆಲ್ಲ ಒಟ್ಟಿಗೆ ಹೋಯಿತು.

ಮಕ್ಕಳು "ಹೋ" ಅಂತ ಕೂಗಿದರು. ಆಮೇಲೆ ಎಲ್ಲರೂ ಸುಮ್ಮನಾದರು. ಮೇಜಿನ ನಡುವೆ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಸಂಜೆಯಿಂದಲೂ ಉರಿಯುತ್ತಿದ್ದವಂತೆ, ನಾನು ಗಮನಿಸಿಯೇ ಇರಲಿಲ್ಲ. ಈಗ ಕೋಣೆಯಲ್ಲಿ ಅವೆರಡೇ. ಎದುರಿಗೆ ಕೂತಿದ್ದ ಗೆಳತಿಯ ಮೂಗಿನ ನೆರಳು ಅವಳ ಹಣೆಯವರೆಗೂ ಏರಿತ್ತು. ಹತ್ತು ವರ್ಷದಿಂದ ನೋಡುತ್ತಿರುವ ಮುಖ, ಆ ಗಳಿಗೆಗೆ ಬೇರೆ ಯಾರದೋ ಅನ್ನಿಸಿತು. ಗೋಡೆಯ ಮೇಲೆ ಪ್ಲಾಸ್ಟಿಕ್ ಅಸ್ಥಿಪಂಜರದ ನೆರಳು ಮೂರು ಪಟ್ಟು ದೊಡ್ಡದಾಗಿ ನಿಂತು ಸಣ್ಣಗೆ ಅಲುಗಾಡುತ್ತಿತ್ತು. ನನ್ನ ಮೈ ಜುಂ ಅಂದಿತು.

ಹತ್ತು ಸೆಕೆಂಡ್ ಅಷ್ಟೇ. ಯಾರೋ ಹೋಗಿ ಲೈಟ್ ಹಾಕಿದರು. ಎಲ್ಲರೂ "ಅಬ್ಬಾ" ಅಂದು ಮತ್ತೆ ಪಲಾವ್ ಬಡಿಸಿಕೊಳ್ಳಲು ಶುರು ಮಾಡಿದರು. ಮನೆಗೆ ಬಂದ ಮೇಲೂ ನನಗೆ ಆ ಹತ್ತು ಸೆಕೆಂಡಿನದೇ ಯೋಚನೆ. ಯೋಚಿಸುತ್ತ ಯೋಚಿಸುತ್ತ ಸಿಟ್ಟು ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಆದರದ ಬಗ್ಗೆ ನಂದು ಎರಡು ಮಾತಿಲ್ಲ. ಪ್ರೀತಿಯ ಜನ, ಊಟವೂ ಸೊಗಸಾಗಿತ್ತು, ಎರಡು ವಾರದಿಂದ ತಯಾರಿ ಮಾಡಿದ್ದರು. ಆದರೆ ಆ ಮೇಜು ನೋಡಿ ನನಗೆ ಸಂಕಟವಾಯಿತು. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಾಸು. ಅದರ ಮೇಲೆ ರಕ್ತದ ಬಣ್ಣ ಬಳಿದ ಪ್ಲಾಸ್ಟಿಕ್ ಕೈ, ರಬ್ಬರ್ ಕಣ್ಣುಗುಡ್ಡೆಗಳು, ಬೆರಳಿನ ಹಾಗೆ ಮಾಡಿದ ಬಿಸ್ಕತ್ತು, ಉಗುರಿಗೆ ಬಾದಾಮಿ. ಪಕ್ಕದಲ್ಲೇ ಅಲ್ಯೂಮಿನಿಯಂ ಟ್ರೇಗಳಲ್ಲಿ ಪಲಾವ್, ರಾಯತ. ಇಷ್ಟೆಲ್ಲದರ ಮೇಲೆ ಚಾವಣಿಯಿಂದ ಆರು ಎಲ್‌ಇಡಿ ಲೈಟು, ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಇರುತ್ತಲ್ಲ, ಅಷ್ಟು ಬೆಳ್ಳಗೆ. ಆ ಬೆಳಕಿಗೆ ಪ್ಲಾಸ್ಟಿಕ್ ಕೈಯ ಎರಡು ಹೋಳು ಕೂಡಿಸಿದ ಗೆರೆ ಕಾಣುತ್ತಿತ್ತು. ತಳದಲ್ಲಿ ಅಂಟಿಸಿದ ಬೆಲೆಯ ಚೀಟಿಯೂ ಕಾಣುತ್ತಿತ್ತು. ಯಾರಿಗೆ ಭಯ ಆಗಬೇಕು?

ನಿಮಗೆಲ್ಲ ಗೊತ್ತು, ನಾನು ನ್ಯೂಜೆರ್ಸಿಗೆ ಬಂದು 16 ವರ್ಷವಾಯಿತು. ಪ್ರತಿ ವರ್ಷ ಅಕ್ಟೋಬರ್ 31ಕ್ಕೆ ಎರಡೋ ಮೂರೋ ಮನೆಗೆ ಹೋಗುತ್ತೇನೆ, ನಮ್ಮವರ ಮನೆಗೂ ಇಲ್ಲಿಯವರ ಮನೆಗೂ. ಸಾಮಾನು ವರ್ಷ ವರ್ಷ ಜಾಸ್ತಿಯಾಗುತ್ತಿದೆ, ಬೆಳಕು ಮಾತ್ರ ಯಾರೂ ಕಡಿಮೆ ಮಾಡಲ್ಲ. ನೂರಿನ್ನೂರು ಡಾಲರ್ ಖರ್ಚು ಮಾಡಿ ಭಯದ ಸಾಮಾನು ತರುತ್ತಾರೆ, ಆಮೇಲೆ ಮನೆಯ ಎಲ್ಲ ಲೈಟೂ ಹಾಕಿ ಆ ಭಯವನ್ನು ಕೊಂದುಬಿಡುತ್ತಾರೆ. ಇದು ಕತ್ತಲಿನ ಹಬ್ಬ. ಹತ್ತು ದಿನದ ಹಿಂದಷ್ಟೇ ದೀಪಾವಳಿ ಮಾಡಿದೆವು, ಆವತ್ತು ಎಷ್ಟು ದೀಪ ಹಚ್ಚಿದರೂ ಕಡಿಮೆಯೇ. ಇದು ಹಾಗಲ್ಲ. ಲೈಟ್ ಆರಿಸಿ.

ಈ ಹಬ್ಬ ಹುಟ್ಟಿದ್ದೇ ಬೆಳಕು ಕಡಿಮೆ ಇದ್ದ ಕಡೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜನ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಈ ರಾತ್ರಿಯನ್ನು ಸಾವಿನ್ ಅಂತ ಕರೆಯುತ್ತಿದ್ದರು, ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆ ಅಂತ ನಂಬಿದ್ದರು. ಅಲ್ಲಿ ಆಗ ಈಗಿನ ಹಾಗೆ ಕುಂಬಳಕಾಯಿಗೆ ಮುಖ ಕೆತ್ತಿ ದೀಪ ಇಡುತ್ತಿರಲಿಲ್ಲ, ಟರ್ನಿಪ್ ಗೆಡ್ಡೆ ಕೊರೆದು ಒಳಗೆ ಕೆಂಡವನ್ನೋ ಮೇಣದಬತ್ತಿಯ ತುಂಡನ್ನೋ ಇಡುತ್ತಿದ್ದರು. 1845ರ ಆಲೂಗಡ್ಡೆ ಬರಗಾಲದ ನಂತರ ಐರಿಶ್ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಬಂದರು. ಇಲ್ಲಿ ದೊಡ್ಡ ದೊಡ್ಡ ಕುಂಬಳಕಾಯಿ ಧಾರಾಳವಾಗಿ ಸಿಗುತ್ತಿತ್ತು, ಕೆತ್ತುವುದೂ ಸುಲಭ. ಹಾಗೆ ಕುಂಬಳಕಾಯಿ ಬಂತು. ಐರ್ಲೆಂಡಿನ ಮೇಯೋ ಕೌಂಟಿಯ ಟರ್ಲೋ ಪಾರ್ಕ್‌ನಲ್ಲಿ ಒಂದು ಮ್ಯೂಸಿಯಂ ಇದೆ. ಅಲ್ಲಿ ಹಳೆಯ ಟರ್ನಿಪ್ ದೀಪವೊಂದರ ಪ್ಲಾಸ್ಟರ್ ಅಚ್ಚು ಇಟ್ಟಿದ್ದಾರೆ. ಅದರ ಫೋಟೋ ಹುಡುಕಿ ನೋಡಿ. ಸುಕ್ಕುಗಟ್ಟಿದ ಮುದುಕನ ಮುಖ, ಗುಳಿಬಿದ್ದ ಕಣ್ಣು, ನಾಲ್ಕಾರು ಹಲ್ಲು. ರಕ್ತ ಇಲ್ಲ, ಬಣ್ಣ ಇಲ್ಲ. ಅದೊಂದನ್ನು ಕತ್ತಲ ಕೋಣೆಯಲ್ಲಿ ಇಟ್ಟರೆ ನಾನು ಒಳಗೆ ಕಾಲಿಡಲ್ಲ.

ಇನ್ನೂ ಒಂದು ವಿಷಯ. ಕಪ್ಪು ಬೆಕ್ಕು, ಬಾವಲಿ, ಮಾಟಗಾತಿ ಅಂತ ಕಾಗದದಲ್ಲಿ ಕತ್ತರಿಸಿ ಅಂಟಿಸುವುದು ಇಲ್ಲಿ ನೂರು ವರ್ಷಕ್ಕೂ ಹಳೆಯ ಅಲಂಕಾರ. ಮಸಾಚುಸೆಟ್ಸ್‌ನ ಡೆನಿಸನ್ ಅನ್ನುವ ಕಾಗದದ ಕಂಪನಿ 1909ರಲ್ಲೇ ಹ್ಯಾಲೋವೀನ್ ಅಲಂಕಾರ ಹೇಗೆ ಮಾಡಬೇಕು ಅಂತ ಪುಸ್ತಿಕೆ ತಂದಿತ್ತು. ಆಗ ಎಷ್ಟೋ ಮನೆಗಳಿಗೆ ಕರೆಂಟೇ ಬಂದಿರಲಿಲ್ಲ. ಗ್ಯಾಸ್ ದೀಪದ, ಮೇಣದಬತ್ತಿಯ ಬೆಳಕಿನಲ್ಲಿ ಆ ಕಾಗದದ ಬೆಕ್ಕು ಗೋಡೆಯ ಮೇಲೆ ಬೆನ್ನು ಬಗ್ಗಿಸಿದ ಹಾಗೆ ಕಂಡಿರಬೇಕು. ನಾವು ಬೆಕ್ಕನ್ನು ಮಾತ್ರ ಇಟ್ಟುಕೊಂಡು ಕತ್ತಲನ್ನು ಬಿಟ್ಟುಬಿಟ್ಟೆವು.

ನನಗೆ ಇದು ಯಾಕೆ ಇಷ್ಟು ಮನಸ್ಸಿಗೆ ಹತ್ತಿದೆ ಅಂತ ಕೇಳಿದರೆ, ಗದಗದ ಕಡೆಯ ನಮ್ಮ ಅಜ್ಜಿ ಮನೆಗೇ ಹೋಗಬೇಕು. ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತಿತ್ತು. ಅಜ್ಜಿ ಚಿಮಣಿ ಹಚ್ಚಿ ನೆಲದ ಮೇಲೆ ಇಡುತ್ತಿದ್ದಳು. ರೊಟ್ಟಿ ಬಡಿಸಲು ಬಗ್ಗಿದರೆ ಅವಳ ನೆರಳು ಹಿಂದಿನ ಗೋಡೆ ಹತ್ತಿ ತೊಲೆಯ ಮೇಲೆ ಮುರಿದುಕೊಂಡು ನಮ್ಮ ತಲೆಯ ಮೇಲೇ ಬರುತ್ತಿತ್ತು. ಅಜ್ಜಿ ಅಲ್ಲೇ ಇದ್ದಾಳೆ, ಬೆಣ್ಣೆ ಹಚ್ಚುತ್ತಿದ್ದಾಳೆ, ಆದರೂ ನಾನು ಆ ನೆರಳಿಗೆ ಹೆದರಿ ಅವಳ ಸೀರೆಯನ್ನೇ ಹಿಡಿದುಕೊಳ್ಳುತ್ತಿದ್ದೆ. ಊಟ ಮುಗಿದ ಮೇಲೆ "ದೀಪ ಆರಿಸ್ಲಾ?" ಅಂದರೆ ಬೈಸಿಕೊಳ್ಳುತ್ತಿದ್ದೆ. "ಆರಸೂದು ಅನಬಾರ್ದು, ಶಾಂತ ಮಾಡ್ತೀನಿ ಅನ್ನು." ಭಯ ಅಂದರೆ ನನಗೆ ಇವತ್ತಿಗೂ ಅದೇ. ಪ್ರೀತಿಯವರ ಮಗ್ಗುಲಲ್ಲಿ, ಬಿಸಿ ಊಟದ ಮುಂದೆ, ಒಂದೇ ಒಂದು ಸಣ್ಣ ದೀಪ.

ಕಳೆದ ವರ್ಷ ನನ್ನನ್ನೂ ಸೇರಿಸಿ ಎಂಟು ಜನಕ್ಕೆ ನಾನೇ ಮೇಜು ಸಿದ್ಧ ಮಾಡಿದ್ದೆ. ಬಂದಿದ್ದವರಿಗೆ ನೆನಪಿರಬಹುದು. ಮೇಜಿಗೆ ಹಾಸಿದ್ದು ಅವ್ವನ ಕಪ್ಪು ಇಳಕಲ್ ಸೀರೆ, ಕೆಂಪು ದಡಿಯದು. ಸೆರಗನ್ನು ಮೇಜಿನ ತುದಿಯಿಂದ ಇಳಿಬಿಟ್ಟಿದ್ದೆ. ತೋಪ್‌ತೆನಿ ಸೆರಗು ಗೊತ್ತಲ್ವಾ, ಕೆಂಪಿನಲ್ಲಿ ಬಿಳಿಯ ಚೂಪು ಚೂಪು ಸಾಲು. ಹಗಲಲ್ಲಿ ಅದು ಜೋಳದ ತೆನೆ. ಮೇಣದಬತ್ತಿಯ ಬೆಳಕಿಗೆ ಅದು ಹಲ್ಲಿನ ಸಾಲು. ಎಷ್ಟು ವರ್ಷ ಆ ಸೆರಗು ನೋಡಿದ್ದೇನೋ, ಆ ಹಲ್ಲು ನನಗೆ ಕಂಡದ್ದು ಆವತ್ತೇ.

ಸೀರೆಯ ಮೇಲೆ ಮೇಣ ಬೀಳದ ಹಾಗೆ ನಡುವೆ ಉದ್ದನೆಯ ಕನ್ನಡಿಯೊಂದನ್ನು ಅಂಗಾತ ಇಟ್ಟು ಅದರ ಮೇಲೆ ಕ್ಯಾಂಡಲ್ ನಿಲ್ಲಿಸಿದೆ. ಏಳು ಕ್ಯಾಂಡಲ್, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕನ್ನಡಿಯಲ್ಲಿ ಅವು ಹದಿನಾಲ್ಕಾದವು, ಏಳು ಮೇಲಕ್ಕೆ, ಏಳು ಮೇಜಿನ ಆಳಕ್ಕೆ. ಹಿಂದಿನ ಕಾಲದಲ್ಲಿ ಈ ರಾತ್ರಿ ಮದುವೆಯಾಗದ ಹುಡುಗಿಯರು ಮೇಣದಬತ್ತಿ ಹಿಡಿದು ಕನ್ನಡಿ ನೋಡುತ್ತಿದ್ದರಂತೆ, ಮುಂದೆ ಆಗುವ ಗಂಡನ ಮುಖ ಹೆಗಲ ಹಿಂದೆ ಕಾಣುತ್ತೆ ಅಂತ. ಇದನ್ನು ಊಟದ ನಡುವೆ ಹೇಳಿದೆ, ಆಮೇಲೆ ಯಾರೂ ಬಗ್ಗಿ ಕನ್ನಡಿ ನೋಡಲಿಲ್ಲ.

ಬೇರೆ ಏನೂ ದುಬಾರಿ ಇರಲಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಿಳಿ ಕುಂಬಳಕಾಯಿ ನಾಲ್ಕು, ಕೆತ್ತದೆ ಹಾಗೇ ಇಟ್ಟೆ. ಕೆತ್ತಿದರೆ ಒಂದು ವಾರಕ್ಕೆ ಕೊಳೆಯುತ್ತೆ, ಇಡಿಯಾಗಿದ್ದರೆ ತಿಂಗಳಾದರೂ ಇರುತ್ತೆ. ಕಪ್ಪು ದ್ರಾಕ್ಷಿಯ ಗೊಂಚಲು. ಕೈಯಿಂದ ಸೀಳಿದ ಎರಡು ದಾಳಿಂಬೆ, ಚಾಕು ಮುಟ್ಟಿಸಲಿಲ್ಲ. ಒರಟಾಗಿ ಬಿರಿದ ಅಂಚು, ಒಳಗೆ ಕೆಂಪು ಕಾಳು, ಕನ್ನಡಿಯ ಮೇಲೆ ತಾನಾಗಿ ಜಿನುಗಿದ ಒಂದು ಹನಿ ರಸ. ಆ ಒಂದು ಹನಿಯ ಮುಂದೆ ಬಾಟಲಿಯ ನಕಲಿ ರಕ್ತ ಯಾವ ಲೆಕ್ಕ? ಹಿತ್ತಲಲ್ಲಿ ಬಿದ್ದಿದ್ದ ಎಲೆಯುದುರಿದ ಮೇಪಲ್ ಕೊಂಬೆ ತಂದು ಹೂಜಿಯಲ್ಲಿಟ್ಟು ಪಕ್ಕದ ಸಣ್ಣ ಮೇಜಿನ ಮೇಲಿಟ್ಟೆ. ಊಟದ ಮೇಜಿನ ನಡುವೆ ಮೊಣಕೈ ಊರಿ ಮುಷ್ಟಿ ಎತ್ತಿದರೆ ಎಷ್ಟು ಎತ್ತರವೋ ಅದಕ್ಕಿಂತ ಎತ್ತರದ ಹೂವು, ಕೊಂಬೆ ಇಡಬಾರದು, ಎದುರಿನವರ ಮುಖ ಮುಚ್ಚಿಬಿಡುತ್ತೆ. ಇಲ್ಲಿ ಮುಖಗಳೇ ತಾನೇ ಮುಖ್ಯವಾದ ಅಲಂಕಾರ? ಪರಿಮಳದ ಕ್ಯಾಂಡಲ್ ಅಂತೂ ಊಟದ ಹತ್ತಿರ ತರಲೇಬೇಡಿ. ಸಾರಿನ ಒಗ್ಗರಣೆಗೂ ಚಕ್ಕೆ-ವೆನಿಲಾ ವಾಸನೆಗೂ ಆಗಿಬರಲ್ಲ.

ಆಮೇಲೆ ಮೇಲಿನ ಲೈಟ್ ಆರಿಸಿದೆ. ಅಡುಗೆಮನೆಯ ಒಂದು ದೀಪ ಮಾತ್ರ ಉರಿಯಲಿ ಅಂತ ಬಿಟ್ಟು ಬಾಗಿಲು ಮುಕ್ಕಾಲು ಮುಂದೆ ಮಾಡಿದೆ, ಬಡಿಸಲು ಅಷ್ಟು ಸಾಕು.

ಇದಕ್ಕೆ ಜನ ಏನು ಹೇಳುತ್ತಾರೆ ಗೊತ್ತಿದೆ. ಮಕ್ಕಳಿರುವ ಮನೆಯಲ್ಲಿ ಬೆಂಕಿ ಬೇಡ ಅಂತ. ಈ ಮಾತು ನಿಜ, ಒಪ್ಪುತ್ತೇನೆ. ಪಾಲಿಯೆಸ್ಟರ್ ವೇಷ, ಹತ್ತಿಯ ಹಾಗೆ ಎಳೆದು ಹರಡುವ ಆ ನಕಲಿ ಜೇಡರ ಬಲೆ, ಇವೆರಡಕ್ಕೂ ಬೆಂಕಿ ತಾಗಬಾರದು. ಹಾಗಾದರೆ ಬ್ಯಾಟರಿ ಕ್ಯಾಂಡಲ್ ತನ್ನಿ, ಈಗ ಒಳ್ಳೊಳ್ಳೆಯವು ಬಂದಿವೆ. ಅದೂ ಬೇಡವಾ? ಮೂಲೆಯಲ್ಲಿ ಒಂದು ಟೇಬಲ್ ಲ್ಯಾಂಪ್ ಇಡಿ, ಬಲ್ಬಿನ ಡಬ್ಬಿಯ ಮೇಲೆ 2700 ಕೆಲ್ವಿನ್ ಅಂತ ಇದ್ದರೆ ಅದು ಹಳದಿ ಬೆಳಕು, 5000 ಅಂತ ಇದ್ದರೆ ಬೆಳ್ಳಗಿನದು. ಹಳದಿಯದನ್ನು ಹಾಕಿ. ಮೇಣದಬತ್ತಿ ಬೇಡ ಅನ್ನುವುದಕ್ಕೂ ಆರು ಎಲ್‌ಇಡಿ ಉರಿಸುವುದಕ್ಕೂ ಏನು ಸಂಬಂಧ?

ಇನ್ನು ಕೆಲವರು, ಇದು ನಮ್ಮ ಹಬ್ಬವೇ ಅಲ್ಲ, ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅನ್ನುತ್ತಾರೆ. ಮಾಡುವುದಿಲ್ಲ ಅಂದರೆ ಬಿಡಿ, ತಪ್ಪೇನಿಲ್ಲ. ಮಾಡಿದರೆ ನೆಟ್ಟಗೆ ಮಾಡಿ.

ನಿಜವಾದ ಕಾರಣ ಇವೆರಡೂ ಅಲ್ಲ. ನಿನ್ನೆ ಲೈಟ್ ಹಾಕಿದವರನ್ನು ನಾನೇ ಕೇಳಿದೆ, ಇನ್ನೊಂದು ಐದು ನಿಮಿಷ ಬಿಡಬಹುದಿತ್ತಲ್ವಾ ಅಂತ. "ಕತ್ತಲಲ್ಲಿ ಫೋಟೋ ಬರಲ್ಲ ಕಣೇ" ಅಂದರು. ನನಗೆ ಹೊಟ್ಟೆ ಉರಿಯಿತು. ಇಪ್ಪತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದರು, ಮಕ್ಕಳೂ ಸುಮ್ಮನಿದ್ದರು, ಎಷ್ಟೋ ವರ್ಷದಲ್ಲಿ ಮೊದಲ ಸಲ ಆ ಮೇಜು ಬದುಕಿತ್ತು, ಫೋನಿಗೆ ಕಾಣಲ್ಲ ಅಂತ ಅದನ್ನು ಆರಿಸಿಬಿಟ್ಟರು. ಫೋಟೋ ಬೇಕಾದರೆ ಜನ ಬರುವ ಮೊದಲೇ ತೆಗೆದಿಡಿ. ಊಟಕ್ಕೆ ಕೂತ ಮೇಲೆ ಬೆಳಕು ಫೋನಿಗಲ್ಲ, ಕೂತವರಿಗೆ.

ಇನ್ನೊಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಕಳೆದ ವರ್ಷ ಎಂಟು ಜನಕ್ಕೆ ಒಂಬತ್ತು ತಟ್ಟೆ ಹಾಕಿದ್ದೆ. ಒಬ್ಬರು ಬರಲಿಲ್ಲವಾ ಅಂತ ಯಾರೋ ಕೇಳಿದರು, ನಾನು ಹೂಂ ಅಂದೆ. ಸತ್ತವರಿಗೆ ಈ ರಾತ್ರಿ ಮೇಜಿನಲ್ಲಿ ಒಂದು ಜಾಗ ಬಿಡುವ ರೂಢಿ ಈ ಹಬ್ಬದಲ್ಲಿ ಹಿಂದೆ ಇತ್ತು. ಓದಿದಾಗ ನನಗೆ ಹೊಸದು ಅನ್ನಿಸಲೇ ಇಲ್ಲ. ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿ, ಹೊರಗೆ ಸುಮ್ಮನೆ ಕೂರುತ್ತೇವಲ್ಲ, ಅದೇ. ಅವ್ವ ಹೋಗಿ ನಾಲ್ಕು ವರ್ಷ. ಅವಳ ಸೀರೆಯ ಸೆರಗು ಇಳಿಬಿದ್ದಿದ್ದ ತುದಿಗೇ ಆ ಒಂಬತ್ತನೆಯ ಕುರ್ಚಿ ಇತ್ತು. ಊಟದ ನಡುವೆ ಕಿಟಕಿಯಿಂದ ಗಾಳಿ ಬಂದು ಆ ಕಡೆಯ ಕ್ಯಾಂಡಲ್ ಬಾಗಿತು. ಖಾಲಿ ಕುರ್ಚಿಯ ನೆರಳು ಗೋಡೆಯ ಮೇಲೆ ಸ್ವಲ್ಪ ಎದ್ದು ಮತ್ತೆ ಕೂತಿತು. ಎಲ್ಲರೂ ನೋಡಿದರು, ಯಾರೂ ಮಾತಾಡಲಿಲ್ಲ. ನನಗೆ ಭಯವೂ ಆಯಿತು, ಅಳುವೂ ಬಂತು. ಮೇಲಿನ ಲೈಟ್ ಉರಿಯುತ್ತಿದ್ದರೆ ಅದು ಬರೀ ಕುರ್ಚಿ.

ಇವತ್ತು ಶನಿವಾರ. ಇವತ್ತು ರಾತ್ರಿ ಇಲ್ಲಿ ಚಳಿಗಾಲದ ಲೆಕ್ಕಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ನಾಳೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ನಾಳೆ ನವೆಂಬರ್ 2, ಕ್ರೈಸ್ತರು ಸತ್ತವರನ್ನು ನೆನೆಯುವ ದಿನ. ಹ್ಯಾಲೋವೀನ್ ಮುಗಿದರೇನಂತೆ, ಅಂಗಡಿಗಳಲ್ಲಿ ಬಿಳಿ ಕುಂಬಳಕಾಯಿ ಈಗ ಅರ್ಧ ಬೆಲೆಗೆ ಸಿಗುತ್ತಿದೆ, ಬೆಳಿಗ್ಗೆ ಹೋಗಿ ಐದು ತಂದಿದ್ದೇನೆ. ಒಣದ್ರಾಕ್ಷಿಯನ್ನು ಚಹಾದಲ್ಲಿ ನೆನೆಹಾಕಿದ್ದೇನೆ, ರಾತ್ರಿಯಿಡೀ ನೆನೆಯಬೇಕು. ಅದು ಬಾರ್ಮ್‌ಬ್ರ್ಯಾಕ್ ಅನ್ನುವ ಐರಿಶ್ ಬ್ರೆಡ್ಡಿಗೆ, ಅದರ ಒಳಗೆ ಒಂದು ಉಂಗುರ ಹುದುಗಿಸುತ್ತಾರೆ, ಯಾರ ಚೂರಿನಲ್ಲಿ ಸಿಕ್ಕಿತೋ ಅವರಿಗೆ ವರ್ಷದೊಳಗೆ ಮದುವೆ. ಸೀರೆಗೆ ಇಸ್ತ್ರಿ ಆಯಿತು.

ಹತ್ತಿರದಲ್ಲಿರುವವರು ನಾಳೆ ಆರಕ್ಕೆ ಬನ್ನಿ. ತುದಿಯ ಕುರ್ಚಿ ಬಿಟ್ಟು ಎಲ್ಲಿ ಬೇಕಾದರೂ ಕೂರಿ. ಊಟದ ಕೋಣೆಯ ಸ್ವಿಚ್ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇನೆ, ದಯವಿಟ್ಟು ಯಾರೂ ಕೀಳಬೇಡಿ.