ಕತೆ ಅರ್ಥವಾಗದೆ ಸೋತಿದ್ದಲ್ಲ

ಹಿಂದಿ ಚಿತ್ರ ‘ಲಮ್ಹೆ’ ಸೋತಿದ್ದು ಜನರಿಗೆ ಕತೆ ಅರ್ಥವಾಗದ್ದರಿಂದ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. 1991ರ ಪ್ರೇಕ್ಷಕರಿಗೆ ಕತೆ ಚೆನ್ನಾಗಿಯೇ ಅರ್ಥವಾಗಿತ್ತು. ಅರ್ಥವಾಗಿದ್ದಕ್ಕೇ ಮುಜುಗರವಾಯಿತು. ವೀರೇನ್ ಪ್ರೀತಿಸಿದ ಪಲ್ಲವಿ ಬೇರೆಯವನನ್ನು ಮದುವೆಯಾಗಿ, ತೀರಿಹೋಗುತ್ತಾಳೆ. ವರ್ಷಗಳ ನಂತರ ಅವಳ ಮಗಳು ಪೂಜಾ, ಅಮ್ಮನದೇ ಮುಖದವಳು, ಅವನನ್ನೇ ಪ್ರೀತಿಸುತ್ತಾಳೆ. ತಾಯಿ, ಮಗಳು ಇಬ್ಬರೂ ಶ್ರೀದೇವಿಯೇ. ನೋಡುವವರಿಗೆ ಇರುಸುಮುರುಸು ಆಗುವುದು ಸಹಜ ಅಲ್ವಾ? ಅದನ್ನು ದಡ್ಡತನ ಎನ್ನಬೇಡಿ.

ಆದರೆ ಆ ಮುಜುಗರ ವೀರೇನ್‌ಗೂ ಇದೆ ಎಂಬುದನ್ನು ನೀವು ಹೇಳಲೇ ಇಲ್ಲ. ಅವನು ಪೂಜಾಳ ಪ್ರೀತಿಯನ್ನು ಒಪ್ಪುವುದಿಲ್ಲ, ಹಳೆಯ ನೆನಪಿಗೇ ಅಂಟಿಕೊಂಡಿರುತ್ತಾನೆ. ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರುವುದು ಪೂಜಾಗೆ. ಅಮ್ಮನ ನೆರಳಾಗಿ ಅಲ್ಲ, ತಾನಾಗಿಯೇ ಅವನಿಗೆ ಬೇಕಾಗಬೇಕು ಎಂಬ ಅವಳ ಹಟ ನನ್ನನ್ನು ಪ್ರತಿ ಸಲವೂ ಅಲುಗಾಡಿಸುತ್ತದೆ. ನಿರ್ದೇಶಕ ಯಶ್ ಚೋಪ್ರಾ ಇಡೀ ಚಿತ್ರವನ್ನು ನಿಲ್ಲಿಸಿರುವುದು ಅದರ ಮೇಲೆ. ವೀರೇನ್ ಆಗಿ ಅನಿಲ್ ಕಪೂರ್ ಕೂಡ ಇಲ್ಲಿ ಎಷ್ಟು ಮೆಲ್ಲಗೆ ನಟಿಸಿದ್ದಾರೆ ನೋಡಿ.

‘ಲಮ್ಹೆ’ ಬಿಡುಗಡೆಯಾದ ದಿನವೇ ಅಜಯ್ ದೇವಗನ್ ಅವರ ಮೊದಲ ಚಿತ್ರ ‘ಫೂಲ್ ಔರ್ ಕಾಂಟೆ’ ಬಂದು ಗೆದ್ದಿತು. ಸೋಲಿನ ಕಾರಣಗಳಲ್ಲಿ ಅದನ್ನೂ ಸೇರಿಸಬೇಕಿತ್ತು. ಮತ್ತೆ, ನೀವು ‘ಪೂರ್ತಿ ಸೋಲು’ ಎಂದಿದ್ದು ಜಾಸ್ತಿಯಾಯಿತು. ಹೊರದೇಶಗಳಲ್ಲಿ ಚಿತ್ರ ಚೆನ್ನಾಗಿಯೇ ಓಡಿತು. ಫಿಲ್ಮ್‌ಫೇರ್‌ನಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟಿ ಎರಡೂ ಪ್ರಶಸ್ತಿ ಇದಕ್ಕೇ ಬಂದವು.