ಜಾಂಬವಂತನಾಗಲು ಹೋಗಿ

ನಮ್ಮಪ್ಪ ಕೊಡುತ್ತಿದ್ದ ಅತಿ ದೊಡ್ಡ ಪ್ರಶಸ್ತಿ ಅಂದರೆ ‘ಪರವಾಗಿಲ್ಲ’. 1994ರಲ್ಲಿ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದಾಗ ಅವರು ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು, ಖೋಟಾ ನೋಟು ಪರೀಕ್ಷೆ ಮಾಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿ, ‘ಪರವಾಗಿಲ್ಲ’ ಅಂದರು. ಅಮ್ಮ ಅಡುಗೆಮನೆಯಿಂದ ಓಡಿಬಂದಳು. ‘ಅಷ್ಟೊಂದು ಹೊಗಳಬೇಡಿ, ದೃಷ್ಟಿಯಾಗುತ್ತೆ!’ ಸಂಜೆ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ನನಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಚಟಪಟ ಅಂತು. ಆಮೇಲೇ ಅವಳಿಗೆ ಸಮಾಧಾನ.

ಇಂಥ ಮನೆಯಲ್ಲಿ ಬೆಳೆದ ನನ್ನನ್ನು ಕಳೆದ ತಿಂಗಳು ಬ್ಯಾಂಕಿನವರು ಎರಡು ದಿನದ ತರಬೇತಿಗೆ ಕಳಿಸಿದರು. ವಿಷಯ, ಜೊತೆಯವರನ್ನು ಹುರಿದುಂಬಿಸುವುದು ಹೇಗೆ. ಊಟಕ್ಕೆ ಒಬ್ಬಟ್ಟು ಇದ್ದದ್ದರಿಂದ ಮಧ್ಯಾಹ್ನದ ಪಾಠ ನನಗೆ ನೆನಪಿಲ್ಲ. ಬೆಳಗಿನದು ಚೆನ್ನಾಗಿ ನೆನಪಿದೆ. ಸುಮ್ನೆ ‘ಚೆನ್ನಾಗಿದೆ’ ಅನ್ನಬೇಡಿ, ಏನು ಚೆನ್ನಾಗಿದೆ ಅಂತ ಬಿಡಿಸಿ ಹೇಳಿ. ಬುದ್ಧಿವಂತಿಕೆಯನ್ನು ಹೊಗಳಬೇಡಿ, ಪಟ್ಟ ಶ್ರಮವನ್ನು ಹೊಗಳಿ. ಇದಕ್ಕೆ ಆಧಾರವಾಗಿ 1998ರಲ್ಲಿ ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದ ಕಥೆಯನ್ನೂ ಹೇಳಿದರು. ಐದನೇ ಕ್ಲಾಸಿನ ಮಕ್ಕಳಿಗೆ ಚಿತ್ರದ ಒಗಟು ಬಿಡಿಸಲು ಕೊಟ್ಟು, ಕೆಲವರಿಗೆ ‘ನೀನು ಜಾಣ’ ಅಂದರಂತೆ, ಇನ್ನು ಕೆಲವರಿಗೆ ‘ಕಷ್ಟಪಟ್ಟು ಮಾಡಿದ್ದೀಯ’ ಅಂದರಂತೆ. ಆಮೇಲೆ ತೀರಾ ಕಷ್ಟದ ಒಗಟು ಕೊಟ್ಟು ಎಲ್ಲರನ್ನೂ ಎಡವಿಸಿದರು. ಮತ್ತೆ ಸುಲಭದ್ದು ಕೊಟ್ಟಾಗ ನೋಡಿದರೆ, ಜಾಣರು ಮುದುಡಿ ಕೂತು ಮೊದಲಿನಷ್ಟೂ ಮಾಡಲಿಲ್ಲ. ಶ್ರಮದ ಮಾತು ಕೇಳಿಸಿಕೊಂಡವರು ಮೊದಲಿಗಿಂತ ಜಾಸ್ತಿ ಮಾಡಿದರು.

ವಾಪಸ್ ಮೈಸೂರಿಗೆ ಬರುವಾಗ ಬಸ್ಸಿನಲ್ಲಿ ನನಗೆ ಜಾಂಬವಂತ ನೆನಪಾದ. ಕಿಷ್ಕಿಂಧಾಕಾಂಡದ ಕೊನೆಯಲ್ಲಿ ಕಪಿಗಳೆಲ್ಲ ಸಮುದ್ರದ ದಂಡೆಯಲ್ಲಿ ಕೂತಿದ್ದಾರೆ. ಯಾರು ಎಷ್ಟು ಹಾರುತ್ತೀರಿ ಅಂತ ಅಂಗದ ಕೇಳುತ್ತಾನೆ. ಗಜ ಹತ್ತು ಯೋಜನ ಅನ್ನುತ್ತಾನೆ, ಗವಾಕ್ಷ ಇಪ್ಪತ್ತು ಅನ್ನುತ್ತಾನೆ. ಹೀಗೇ ಏರುತ್ತಾ ಹೋಗಿ ಜಾಂಬವಂತ, ವಯಸ್ಸಾಯಿತು, ತೊಂಬತ್ತಾದರೆ ನೋಡಬಹುದು ಅನ್ನುತ್ತಾನೆ. ಅಂಗದ ನೂರು ಹಾರುತ್ತೇನೆ, ವಾಪಸ್ ಬರುವುದು ಮಾತ್ರ ಅನುಮಾನ ಅನ್ನುತ್ತಾನೆ. ಅಪ್ಪಟ ಮಾರ್ಚ್ ತಿಂಗಳ ಟಾರ್ಗೆಟ್ ಮೀಟಿಂಗು. ಹನುಮಂತ ಒಂದು ಕಡೆ ತೆಪ್ಪಗೆ ಕೂತಿದ್ದಾನೆ. ಜಾಂಬವಂತ ನೇರ ಅವನ ಹತ್ತಿರ ಹೋಗಿ ನಾಲ್ಕು ಮಾತಾಡುತ್ತಾನೆ, ಅವನು ಬೆಳೆದು ನಿಲ್ಲುತ್ತಾನೆ. ಇನ್ನುಮುಂದೆ ನಾನೂ ಜಾಂಬವಂತ ಅಂತ ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ತೀರ್ಮಾನವಾಗಿತ್ತು.

ಮೊದಲ ಹನುಮಂತ ಮನೆಯಲ್ಲೇ ಸಿಕ್ಕಿದ. ಮಗನ ಗಣಿತದ ಯೂನಿಟ್ ಟೆಸ್ಟಿನ ಪೇಪರ್ ಬಂದಿತ್ತು. 25ಕ್ಕೆ 12. ಹಳೆಯ ನಾನಾಗಿದ್ದರೆ ಬೇರೆಯದೇ ನಡೆಯುತ್ತಿತ್ತು. ಈಗ ಅವನ ಹೆಗಲ ಮೇಲೆ ಕೈಯಿಟ್ಟು, ‘ಮಾರ್ಕ್ಸ್ ಬಿಡು ಪುಟ್ಟಾ, ನೀನು ಪಟ್ಟಿರೋ ಶ್ರಮ ನನಗೆ ಕಾಣಿಸ್ತಿದೆ’ ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ‘ಅಪ್ಪಾ, ನಾನು ಓದೇ ಇರ್ಲಿಲ್ಲ.’

‘ಓದದೆ ಹನ್ನೆರಡಾ!’ ಬಾಯಿಂದ ಜಾರಿಹೋಯಿತು. ಧ್ವನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಜಾಸ್ತಿ ಇತ್ತು ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಮಗ ಅದನ್ನೇ ಹಿಡಿದುಕೊಂಡ. ಮುಂದಿನ ಟೆಸ್ಟಿಗೂ ಓದದೆ ಹೋಗಿ, ಬಂದ ಒಂಬತ್ತನ್ನು ಹೆಮ್ಮೆಯಿಂದ ತೋರಿಸಿದ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ, ‘ಇವತ್ತು ಸಾರು ತುಂಬಾ ಚೆನ್ನಾಗಿದೆ.’

‘ಯಾಕೆ, ನಿನ್ನೇದು ಚೆನ್ನಾಗಿರ್ಲಿಲ್ವಾ?’

ಬಿಡಿಸಿ ಹೇಳಬೇಕಲ್ಲ. ‘ಹಾಗಲ್ಲ, ಹುಳಿ ಹದವಾಗಿ ಬಿದ್ದಿದೆ.’

‘ಹದಿನೆಂಟು ವರ್ಷದಿಂದ ಹುಳಿ ಜಾಸ್ತಿ ಹಾಕ್ತಿದೀಯ ಅಂತ ಮೊದ್ಲೇ ಹೇಳ್ಬಾರ್ದಿತ್ತಾ? ಸುಮ್ನೆ ತಿಂತಿದ್ರಲ್ಲ!’

ಶ್ರಮವೊಂದೇ ಉಳಿದಿತ್ತು. ‘ನೀನು ಪಡೋ ಶ್ರಮ…’ ಅಂತ ಶುರು ಮಾಡಿದೆ. ಅವಳು ಸೌಟು ಕೆಳಗಿಟ್ಟಳು. ‘ರೀ, ಏನಾಯ್ತು? ಯಾರಿಗಾದ್ರೂ ಸಾಲ ಕೊಟ್ಟು ಬಂದ್ರಾ?’ ಹಿಂದೊಮ್ಮೆ ನಾನು ಅವಳಿಗೆ ಕಾರಣವಿಲ್ಲದೆ ‘ಥ್ಯಾಂಕ್ಸ್’ ಅಂದದ್ದು, ಸ್ನೇಹಿತನ ಸಾಲಕ್ಕೆ ಜಾಮೀನು ಹಾಕಿ ಬಂದ ದಿನ. ಅವಳ ನೆನಪಿನ ಶಕ್ತಿಯನ್ನು ಹೊಗಳುವ ಧೈರ್ಯ ನನಗೆ ಬರಲಿಲ್ಲ.

ಹಾಗೆ ನೋಡಿದರೆ ಮೊದಲೇ ಒಂದು ಸಲ ಬುದ್ಧಿ ಕಲಿಯಬೇಕಿತ್ತು. ನಾದಿನಿ ಹೊಸದಾಗಿ ಸಂಸಾರ ಹೂಡಿದಾಗ ಅವಳ ಹಾಗಲಕಾಯಿ ಗೊಜ್ಜನ್ನು ದಾಕ್ಷಿಣ್ಯಕ್ಕೆ ಹೊಗಳಿದ್ದೆ. ಇವತ್ತಿಗೂ ಆ ಮನೆಯಲ್ಲಿ ಬೇರೆಯವರಿಗೆಲ್ಲ ಆಲೂಗಡ್ಡೆ ಪಲ್ಯ, ನನಗೆ ಮಾತ್ರ ‘ಭಾವನಿಗೆ ಇಷ್ಟ ಅಂತ’ ಹಾಗಲಕಾಯಿ. ಬಸವಣ್ಣನವರು 12ನೇ ಶತಮಾನದಲ್ಲೇ ಹೊಗಳಿಕೆಯನ್ನು ಹೊನ್ನಶೂಲ ಅಂದಿದ್ದರು. ಏರುವವನಿಗೆ ಶೂಲ ಅಂತ ಅವರ ಅರ್ಥ. ಏರಿಸಿದವನಿಗೆ ಏನಾಗುತ್ತದೆ ಅಂತ ನನ್ನನ್ನು ಕೇಳಿ.

ಮನೆಯಲ್ಲಿ ಬೇಳೆ ಬೇಯಲಿಲ್ಲ. ಆಫೀಸಿದೆಯಲ್ಲ ಅಂದುಕೊಂಡೆ.

ನಮ್ಮ ಶಾಖೆಯ ಕ್ಯಾಶ್ ಕೌಂಟರಿನ ಮೇಡಂ ಬಂದು ಮೂರು ವರ್ಷ. ಒಂದು ದಿನವೂ ಅವರ ಲೆಕ್ಕ ಒಂದು ರೂಪಾಯಿ ಆಚೆ ಈಚೆ ಆದದ್ದಿಲ್ಲ. ಅವತ್ತು ನೋಟು ಎಣಿಸುವ ಯಂತ್ರ ಕೆಟ್ಟಿತ್ತು, ಎಲ್ಲ ಕೈಯೆಣಿಕೆ. ಒದ್ದೆ ಸ್ಪಂಜಿಗೆ ಬೆರಳು ಒತ್ತುವುದು, ನೋಟಿನ ಮೂಲೆ ಎಬ್ಬಿಸುವುದು, ತುಟಿಯಲ್ಲೇ ಅಂಕಿ ಹೇಳಿಕೊಳ್ಳುವುದು, ನೂರಾದ ತಕ್ಷಣ ಕಾಗದದ ಪಟ್ಟಿ ಸುತ್ತಿ ಸಹಿ ಹಾಕುವುದು. ನೋಡಲು ಹೂ ಕಟ್ಟುವವರ ಕೈಚಳಕ. ಇಂಥವರಿಗೆ ಮೂರು ವರ್ಷದಲ್ಲಿ ಒಂದು ಒಳ್ಳೆಯ ಮಾತೂ ಆಡಿಲ್ಲವಲ್ಲ ಅಂತ ನನಗೆ ನಿಜಕ್ಕೂ ನಾಚಿಕೆಯಾಯಿತು. ನಡೆದೇಬಿಟ್ಟೆ.

‘ಮೇಡಂ, ಮೂರು ವರ್ಷದಲ್ಲಿ ಒಂದು ದಿನವೂ ನಿಮ್ಮ ಕ್ಯಾಶ್ ಟ್ಯಾಲಿ ಆಗದೆ ಇದ್ದದ್ದಿಲ್ಲ. ಯಂತ್ರ ಇಲ್ಲದಿದ್ದರೂ ಎಷ್ಟು ಶ್ರದ್ಧೆಯಿಂದ ಎಣಿಸ್ತೀರಿ!’

ಅವರು ತಲೆಯೆತ್ತಿದರು. ಮುಖ ಅರಳಿತು. ‘ಥ್ಯಾಂಕ್ಸ್ ಸಾರ್’ ಅಂದರು. ಸಾಲಿನಲ್ಲಿದ್ದ ಪೆನ್ಷನ್ ತಾತ ಒಬ್ಬರು, ‘ಅರ್ಧ ಗಂಟೆಯಿಂದ ನಿಂತಿದೀನಿ ಸಾರ್, ನಂದೂ ಶ್ರಮಾನೇ, ನಂಗೂ ಒಂದ್ಮಾತು ಹೇಳಿ’ ಅಂದರು. ಎಲ್ಲರೂ ನಕ್ಕರು. ನಾನು ಎದೆಯುಬ್ಬಿಸಿ ವಾಪಸ್ ಬಂದು ಕೂತೆ.

ಸಂಜೆ ನಾಲ್ಕೂವರೆಗೆ ಲೆಕ್ಕ ಮುಗಿಸಿದರೆ 500 ರೂಪಾಯಿ ಕಮ್ಮಿ.

ಮೇಡಂ ಮುಖ ಬಿಳಿಚಿಕೊಂಡಿತು. ಡ್ರಾಯರ್ ಎಳೆದು ಬೋರಲು ಹಾಕಿದೆವು. ವೋಚರ್‌ಗಳನ್ನು ಒಂದೊಂದಾಗಿ ತಿರುವಿದೆವು. ಅಟೆಂಡರ್ ಕಸದ ಬುಟ್ಟಿ ಸುರಿದು ಬಾಳೆಹಣ್ಣಿನ ಸಿಪ್ಪೆಯನ್ನೂ ಬಿಡಿಸಿ ನೋಡಿದ. ಮನೆಗೆ ಹೋಗೋಣ ಅಂದರೆ ಆಗದು. ಕ್ಯಾಶ್ ಒಳಗಿಡುವ ತಿಜೋರಿಗೆ ಎರಡು ಕೀ, ಒಂದು ಅವರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಲೆಕ್ಕ ಸರಿಯಾಗುವ ತನಕ ಇಬ್ಬರೂ ಅಲ್ಲೇ. ಕೊನೆಗೆ ಐನೂರರ ನಲವತ್ತು ಕಟ್ಟನ್ನೂ ಬಿಚ್ಚಿ ಮತ್ತೆ ಎಣಿಸಲು ಕೂತರು.

‘ಚಿಂತೆ ಮಾಡ್ಬೇಡಿ ಮೇಡಂ, ನಿಮ್ಮ ಕೈಲಿ ಖಂಡಿತ…’

‘ಸಾರ್, ದಯವಿಟ್ಟು ಮಾತಾಡ್ಬೇಡಿ. ಎಣಿಸ್ತಿದೀನಿ.’

ಏಳೂ ನಲವತ್ತಕ್ಕೆ ಮೂವತ್ತೇಳನೇ ಕಟ್ಟು. ತೊಂಬತ್ತೊಂಬತ್ತು, ನೂರು ಅಂದ ಮೇಲೂ ಅವರ ಬೆರಳಲ್ಲಿ ಇನ್ನೊಂದು ನೋಟು ಉಳಿಯಿತು. ಮೇಡಂ ಉಸಿರು ಬಿಟ್ಟು, ಆ ನೋಟನ್ನು ಮೇಜಿನ ಮೇಲಿಟ್ಟು, ನನ್ನ ಕಡೆ ತಿರುಗಿದರು. ‘ಬೆಳಿಗ್ಗೆ ನೀವು ಬಂದು ಮಾತಾಡಿಸಿದ್ರಲ್ಲ ಸಾರ್, ಆಗ ಕೈಲಿದ್ದ ಕಟ್ಟು ಇದೇ.’

ಅಟೆಂಡರ್ ಶಟರ್ ಎಳೆಯುತ್ತಾ, ನನಗೆ ಕೇಳಿಸುವಷ್ಟು ಮೆಲ್ಲಗೆ, ‘ಸಾರ್‌ಗೆ ನಾಲಿಗೆ ಮೇಲೆ ಮಚ್ಚೆ ಇರ್ಬೇಕು’ ಅಂದ.

ಮನೆ ಸೇರಿದಾಗ ಒಂಬತ್ತು ಗಂಟೆ. ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಮಾತಿಲ್ಲದೆ ಕೂತು ಉಂಡೆ. ಸಾರು ಮೂರು ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ಹೆಂಡತಿ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದಳು, ‘ಇವತ್ತು ಸಾರು ಭರ್ಜರಿಯಾಗಿ ಬಂದಿತ್ತು ಕಣೇ, ಪಾತ್ರೆ ಖಾಲಿ ಮಾಡಿದ್ರು.’ ಹೌದು ಅಂತ ಏನೋ ಹೇಳಲು ಬಾಯಿ ತೆರೆದೆ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಮ್ಮ, ‘ನೀನು ಸುಮ್ನಿರೋ’ ಅಂದಳು.

ಮರುದಿನ ಆಫೀಸಿಗೆ ಹೋದರೆ ಕ್ಯಾಶ್ ಕೌಂಟರಿನ ಗಾಜಿನ ಮೇಲೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ನೇತಾಡುತ್ತಿದ್ದವು. ಗ್ರಾಹಕರು ನಿಲ್ಲುವ ಕಡೆಗಲ್ಲ, ನನ್ನ ಕುರ್ಚಿಯ ಕಡೆಗೆ. ಮೆಣಸಿನಕಾಯಿಗಳೆಲ್ಲ ಒಂದೇ ಉದ್ದದವು, ದಾರದ ಗಂಟು ಅಚ್ಚುಕಟ್ಟಾಗಿತ್ತು. ಹೇಳೋಣ ಅಂತ ಎದ್ದವನು ಹಾಗೇ ಕೂತೆ. ಮೇಡಂ ಎಣಿಸುತ್ತಿದ್ದರು.